ಕೊಂಡಿ ಹಾಕುವ ಬೆರಳಿಗೆ ಸಮುದ್ರದ ಪುಡಿ

ನನ್ನ ನೋಟ್‌ಬುಕ್ಕಿನ ಪ್ರಕಾರ ಆ ಮುಲಾಮಿನದು ಹದಿನೇಳನೆಯ ಬ್ಯಾಚು. ನನ್ನ ನೆನಪಿನ ಪ್ರಕಾರ ಎರಡನೆಯದು. ನಡುವಿನ ಬ್ಯಾಚುಗಳನ್ನೆಲ್ಲ ನೆನಪು ಏಕೆ ನುಂಗಿತೆಂದು ಊಹಿಸುವುದು ಕಷ್ಟವಲ್ಲ. ಎರಡೇ ಬ್ಯಾಚು ಎಂದುಕೊಂಡರೆ ಎಲ್ಲವೂ ಅವಸರದಲ್ಲಿ ಆಗಿಹೋಯಿತು, ಯೋಚಿಸಲು ಪುರಸೊತ್ತಿರಲಿಲ್ಲ ಎನ್ನಬಹುದು. ಹದಿನೇಳು ಎಂದರೆ ಪುರಸೊತ್ತು ಬೇಕಾದಷ್ಟಿತ್ತು. ಹಾಗಾಗಿ ಈ ಎರಡಕ್ಕೂ ಜಗಳ ಬಂದ ಕಡೆ ನೋಟ್‌ಬುಕ್ಕನ್ನು ನಂಬಿ ಬರೆದಿದ್ದೇನೆ. ನೋಟ್‌ಬುಕ್ಕು ಸುಮ್ಮನಿರುವ ಕಡೆ, ಸುಮ್ಮನಿದೆ ಎಂದೇ ಬರೆದಿದ್ದೇನೆ.

ಇಳಕಲ್ಲಿನ ಹೊರಗೆ, ಗ್ರಾನೈಟ್ ಕೊಯ್ಯುವ ಸದ್ದು ದಿನವಿಡೀ ಕೇಳುವಷ್ಟು ಹತ್ತಿರದಲ್ಲಿ, ನಾನು ಕೆಲಸ ಮಾಡುವ ಸಣ್ಣ ಘಟಕವಿದೆ. ಮುಖಕ್ಕೆ ಹಚ್ಚುವ ಸ್ನೋ, ವ್ಯಾಸಲೀನು, ತಲೆಗೆ ಹಚ್ಚುವ ಎಣ್ಣೆ ತಯಾರಿಸುತ್ತೇವೆ. ಲ್ಯಾಬು ಎಂದರೆ ಒಂದು ಕೋಣೆ. ತಕ್ಕಡಿ, ಬಿಸಿ ತಟ್ಟೆ, ಕಲಕುವ ಯಂತ್ರ, ಆಮ್ಲ ಎಷ್ಟಿದೆ ಎಂದು ತೋರಿಸುವ ಮೀಟರು, ಮತ್ತು ನಾನು.

ಆ ಚಳಿಗಾಲದ ಒಂದು ದಿನ ಇಬ್ಬರು ಹೆಂಗಸರು ಒಳಗೆ ಬಂದರು. ನೇಕಾರರ ಓಣಿಯ ಒಂದು ಮನೆಯ ಅತ್ತೆ, ಸೊಸೆ. ಸೊಸೆಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬೇಕು. ಅಂದಿನಿಂದ ಅವಳನ್ನು ಅಕ್ಕ ಎಂದೇ ಕರೆಯುತ್ತೇನೆ. ನಮ್ಮದೇ ವ್ಯಾಸಲೀನಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಒಂದು ತುಂಡು ಕೆಂಪು ರೇಷ್ಮೆ ಹರಡಿದಳು. ರೇಷ್ಮೆಯ ಮೇಲೆ ಹೆಬ್ಬೆಟ್ಟಿನಗಲ ಎಣ್ಣೆಯ ಕಲೆ.

"ನಿಮ್ಮ ವ್ಯಾಸಲೀನ ಭಾಳ ಚಲೋ ಐತ್ರಿ," ಎಂದಳು ಅಕ್ಕ. "ಕೈ ಮೆತ್ತಗಾದ್ವು. ಸೀರಿ ಹೋತು."

"ಮೆತ್ತನ್ನ ಕೈ ತಗೊಂಡು ಏನ್ ಮಾಡೂದೈತಿ?" ಎಂದಳು ಅತ್ತೆ. "ಈಕಿ ಹಾರ್ಮೋನಿಯಂ ಬಾರಸೂದೈತೇನು?"

ಅಕ್ಕ ಕೈ ಚಾಚಿದಳು. ಬೆರಳ ತುದಿಗಳು ಒಣಗಿದ ಸಜ್ಜೆ ರೊಟ್ಟಿಯ ಅಂಚಿನಂತೆ ಒಡೆದಿದ್ದವು. ಕೆಲವು ಬಿರುಕುಗಳ ಒಳಗೆ ಕೆಂಪು ಕಾಣುತ್ತಿತ್ತು; ಅದು ಬಣ್ಣವೋ ರಕ್ತವೋ ಕೇಳಲಿಲ್ಲ.

ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು, ಎಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು. ಅವರ ಮನೆಯ ಸೀರೆಗೆ ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಸೆರಗಿನ ಒಂದೊಂದು ಎಳೆಯನ್ನು ಒಡಲಿನ ಒಂದೊಂದು ಎಳೆಗೆ ಕೈಯಿಂದಲೇ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆ, ಸಾವಿರಾರು ಕೊಂಡಿ. ಈ ಕೆಲಸದಲ್ಲಿ ಕಣ್ಣಿಗಿಂತ ಬೆರಳ ತುದಿ ದೊಡ್ಡದು. ಬಿರುಕಿನ ಅಂಚಿಗೆ ರೇಷ್ಮೆ ಸಿಕ್ಕಿಕೊಂಡರೆ ಎಳೆ ಸೀಳಿ ಜುಂಗು ಏಳುತ್ತದೆ, ನೇಯುವಾಗ ಅಲ್ಲಿಯೇ ತುಂಡಾಗುತ್ತದೆ. ಆ ಓಣಿಯಲ್ಲಿ ಅಕ್ಕನಷ್ಟು ಸಪಾಟಾಗಿ ಕೊಂಡಿ ಹಾಕುವವರು ಇನ್ನೊಬ್ಬರಿಲ್ಲ ಎಂದು ಅತ್ತೆ ಹೇಳಿದಳು, ಹೊಗಳಿಕೆಯಾಗಿ ಅಲ್ಲ, ಮನೆಯ ಗಡಿಯಾರ ನಿಂತಿದೆ ಎನ್ನುವಂತೆ. ಎಂಟು ದಿನದಿಂದ ಅಕ್ಕ ಕೊಂಡಿಗೆ ಕೂತಿರಲಿಲ್ಲ.

"ಬೆರಳು ಒಡದ್ರ ನಾ ಮನ್ಯಾಗ ಇದ್ದೂ ಇಲ್ಲದಂಗ್ರಿ," ಎಂದಳು ಅಕ್ಕ. "ಅಡಿಗಿ ಯಾರರೆ ಮಾಡ್ತಾರ. ಇದನ್ನ ಯಾರ ಮಾಡ್ತಾರ?"

ಕೆಲಸ ಸ್ಪಷ್ಟವಿತ್ತು. ಬಿರುಕನ್ನು ಮುಚ್ಚುವ ಪೊರೆ ಬೇಕು. ಎಣ್ಣೆ ಇರಬಾರದು. ಒಂದು ನಿಮಿಷದೊಳಗೆ ಒಣಗಬೇಕು, ಒಣಗಿದ ಮೇಲೆ ರೇಷ್ಮೆಗೆ ಅಂಟಬಾರದು. ನಾನು ಆರಿಸಿಕೊಂಡದ್ದು ಆಲ್ಜಿನೇಟ್ ಎಂಬ ಪುಡಿ. ಕಂದು ಬಣ್ಣದ ಕಡಲಪಾಚಿಯಿಂದ ತೆಗೆಯುತ್ತಾರೆ. ನೀರಿಗೆ ಹಾಕಿದರೆ ಲೋಳೆಯಾಗುತ್ತದೆ, ಚರ್ಮದ ಮೇಲೆ ಒಣಗಿದರೆ ತೆಳುವಾದ ಪೊರೆ.

ಮಾಲೀಕರಿಗೆ ಕೂಡಲೇ ಹಿಡಿಸಿತು. "ಸಮುದ್ರದ್ದು ಅಂದ್ರ ಮಂದಿ ಕಣ್ಣು ಮುಚ್ಚಿ ತಗೋತಾರ. ಬದಾಮಿಗೆ ಬರೂ ಟೂರಿಸ್ಟ್ ಮಂದಿನೂ ತಗೋತಾರ. ಮಾಡವ್ವಾ ನೀನು."

ಮೊದಲ ಡಬ್ಬಿ ಒಯ್ದಾಗ ಅಕ್ಕ ಮೂಸಿ ನೋಡಿದಳು.

"ಸಮುದ್ರಾ ನೋಡೀರೇನ್ರಿ ನೀವು?"

"ಇಲ್ಲ ಅಕ್ಕ. ನಾ ಕುಳಗೇರಿ ಕ್ರಾಸಿನಾಕಿ. ಬಸ್ ಅಷ್ಟ ನೋಡೇನಿ."

"ನಾನೂ ಇಲ್ರಿ. ಆಲಮಟ್ಟಿ ಹಿನ್ನೀರು ನೋಡೇನಿ. ಅದರಾಗೂ ಪಾಚಿ ಭಾಳ ಐತಿ, ಅದನ್ನ ಯಾಕ ತರಬಾರದು?"

"ಇದು ಏನಂತ ಕೇಳು ಮೊದಲ," ಎಂದು ಒಳಗಿನಿಂದ ಅತ್ತೆ ಕೂಗಿದಳು.

"ಗಿಡ ಇದ್ದಂಗ, ಅವ್ವಾರ," ಎಂದೆ ನಾನು. "ನೀರಾಗ ಬೆಳಿತೈತಿ."

"ಸೊಪ್ಪಂತರಿ ಅತ್ತಿ!"

"ಸೊಪ್ಪಾದ್ರ ಆತು."

ಈ ಮಾತುಗಳಲ್ಲಿ ನನಗೆ ಅನುಮಾನವಿಲ್ಲ. ಇವು ನನ್ನ ಪರವಾಗಿರುವ ಮಾತುಗಳಾದ್ದರಿಂದ ನೆನಪು ಚೆನ್ನಾಗಿ ಇಟ್ಟುಕೊಂಡಿದೆ.

ಆ ಡಬ್ಬಿಗಿಂತ ಮುಂಚೆ, ಒಂದರಿಂದ ಐದರವರೆಗಿನ ಬ್ಯಾಚುಗಳು ಲ್ಯಾಬಿನಲ್ಲೇ ಸತ್ತವು. ಪುಡಿಯನ್ನು ಒಮ್ಮೆಗೇ ಸುರಿದರೆ ಹೊರಗೆ ಲೋಳೆ, ಒಳಗೆ ಒಣ ಹಿಟ್ಟು ಇರುವ ಗಂಟುಗಳಾಗುತ್ತವೆ. ತಿರುಗುವ ನೀರಿನ ಸುಳಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ಗ್ಲಿಸರಿನ್ ಹೆಚ್ಚಾದರೆ ಬೆರಳು ಜಿಗುಟು, ಕಡಿಮೆಯಾದರೆ ಪೊರೆ ಬಿರುಕು. ಆರನೆಯದು ಸರಿಯಾಯಿತು. ಬೆರಳಿಗೆ ಹಚ್ಚಿ, ಒಣಗಿಸಿ, ಅಕ್ಕ ಕೊಟ್ಟಿದ್ದ ಹಾಳು ರೇಷ್ಮೆ ಎಳೆಗಳನ್ನು ಉಜ್ಜಿ, ಅವುಗಳನ್ನು ಬಿಳಿ ಕಾಗದದ ನಡುವೆ ಇಟ್ಟು ಇಸ್ತ್ರಿ ಒತ್ತಿದೆ. ಕಲೆ ಇಲ್ಲ. ಡಬ್ಬಿ ತುಂಬಿ ಒಯ್ದೆ.

ಮರುದಿನ ಹೋದಾಗ ಅಕ್ಕ ಹಾಸನ್ನು ತೋರಿಸಿದಳು. ಕೆಂಪು ಎಳೆಗಳ ಮೇಲೆ ಬಿಳಿ ಚೂರುಗಳು ಉದುರಿದ್ದವು.

"ತಲಿ ಹೊಟ್ಟು ಉದರಿದಂಗ ಆಗೇತಿ ನೋಡ್ರಿ. ಕೈ ತೊಳದೆ, ಚರ್ಮಾನ ಸುಲದು ಬಂತು ಅಂತ ಹೆದರಿದೆ. ನಿಮ್ಮ ಮುಲಾಮು ಅದು!"

ಲ್ಯಾಬಿನಲ್ಲಿ ನಾನು ಬಳಸಿದ್ದು ಭಟ್ಟಿ ಇಳಿಸಿದ ನೀರು. ಅಕ್ಕ ಕೈ ತೊಳೆದದ್ದು ಓಣಿಯ ಬೋರಿನ ನೀರಿನಲ್ಲಿ. ಚಹದ ಪಾತ್ರೆಯಲ್ಲಿ ವಾರದೊಳಗೆ ಬಿಳಿ ಪದರು ಕಟ್ಟುವ ನೀರು ಅದು. ಅದರ ಸುಣ್ಣದಂಶ ತಾಗಿದರೆ ಆಲ್ಜಿನೇಟ್ ರಬ್ಬರಿನಂತೆ ಗಟ್ಟಿಯಾಗಿ ಕಿತ್ತುಬರುತ್ತದೆ. ಇದು ಪಠ್ಯಪುಸ್ತಕದ ಮೊದಲ ಪುಟದ ವಿಷಯ. ಅದೇ ನೀರು ಕುಡಿಯುವ ನನಗೆ ಹೊಳೆದಿರಲಿಲ್ಲ.

ಏಳರಿಂದ ಹದಿಮೂರರವರೆಗೆ ನಾನು ಆ ನೀರಿನೊಡನೆ ಗುದ್ದಾಡಿದೆ. ಸುಣ್ಣವನ್ನು ಹಿಡಿದಿಡುವ ಲವಣ ಸೇರಿಸಿದರೆ ಬಿರುಕಿಗೆ ಉರಿ. ಆಲ್ಜಿನೇಟ್ ಕಡಿಮೆ ಮಾಡಿದರೆ ಪೊರೆಯೇ ಇಲ್ಲ. ಅಕ್ಕ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೊಂಡಿಗೆ ಕೂರಲು ನೋಡಿದಳು. ಬಟ್ಟೆಗೆ ಎಳೆ ತಿಳಿಯುವುದಿಲ್ಲ. ಅತ್ತೆ ನನ್ನನ್ನು ಕಂಡಾಗಲೆಲ್ಲ, "ಬಂದ್ಲು ನೋಡು ಸಮುದ್ರದಾಕಿ, ಇವತ್ತೇನು ಸುಲೀತಿ?" ಎನ್ನುತ್ತಿದ್ದಳು. ಅವಳ ಚಹ ಮಾತ್ರ ತಪ್ಪಲಿಲ್ಲ, ಸ್ಟೀಲಿನ ಲೋಟದಲ್ಲಿ, ಅಂಚಿನವರೆಗೆ.

ಹದಿನಾಲ್ಕನೆಯ ಬ್ಯಾಚಿನ ಪುಟದಲ್ಲಿ ಹೊಸ ಪದಾರ್ಥವೊಂದು ಮೊದಲ ಬಾರಿಗೆ ಬರುತ್ತದೆ. "ಪುಡಿ-೨" ಎಂದು ಬರೆದಿದ್ದೇನೆ. ಮಾಲೀಕರಿಗೆ ಪರಿಚಯದ ವ್ಯಾಪಾರಿಯೊಬ್ಬರು ಮಾದರಿಗೆಂದು ಕಳಿಸಿದ ಸಣ್ಣ ಪೊಟ್ಟಣ. ಅದರ ಹೆಸರು ಕೈಟೋಸಾನ್. ಜೊತೆಗೆ ಬಂದ ಪ್ರಮಾಣಪತ್ರದಲ್ಲಿ ಮೂಲ ಎಂಬ ಸಾಲಿನ ಮುಂದೆ ಏಡಿ ಮತ್ತು ಸಿಗಡಿಯ ಚಿಪ್ಪು ಎಂದಿದೆ. ಆ ಹಾಳೆಯ ಕೆಳಗೆ ನನ್ನ ಸಹಿ ಇದೆ. ಅಂದರೆ ಓದಿದ್ದೇನೆ. ಗ್ಲಿಸರಿನ್‌ಗೆ ಗ್ಲಿಸರಿನ್ ಎಂದೂ ಲ್ಯಾಕ್ಟಿಕ್ ಆಮ್ಲಕ್ಕೆ ಲ್ಯಾಕ್ಟಿಕ್ ಆಮ್ಲ ಎಂದೂ ಪೂರ್ತಿ ಹೆಸರು ಬರೆಯುವ ನಾನು ಇದೊಂದಕ್ಕೆ ಮಾತ್ರ ಏಕೆ ಅಂಕಿ ಕೊಟ್ಟೆ?

ಅಕ್ಕನ ಮನೆಯಲ್ಲಿ ಹೇಗೋ ಹಾಗೆ, ನಮ್ಮ ಮನೆಯೊಳಗೂ ಮೊಟ್ಟೆ ಬರುವುದಿಲ್ಲ. ಆದರೆ ಲ್ಯಾಬಿನಲ್ಲಿ ಅದು ಏಡಿಯಾಗಿರಲಿಲ್ಲ. ವಾಸನೆಯಿಲ್ಲದ, ತುಸು ಹಳದಿಯ, ಹಗುರ ಪುಡಿ. ಸೌಂದರ್ಯವರ್ಧಕಗಳಿಗೆ ಸಮುದ್ರದಿಂದ ಬರುವುದೆಲ್ಲ ಹೀಗೆಯೇ ಬರುತ್ತದೆ. ಮೀನಿನ ಚರ್ಮ, ಶಾರ್ಕಿನ ಪಿತ್ತಕೋಶವೋ ಯಕೃತ್ತೋ (ಯಕೃತ್ತು, ಈಗ ನೋಡಿಕೊಂಡೆ), ಮುತ್ತಿನ ಚಿಪ್ಪು, ಎಲ್ಲವೂ ಚೀಲದ ಬಾಯಿ ಬಿಚ್ಚುವ ಹೊತ್ತಿಗೆ ಪುಡಿಯೋ ಎಣ್ಣೆಯೋ ಆಗಿರುತ್ತವೆ. ಹೊರಗಿನಿಂದ ಹಚ್ಚುವುದು ತಾನೇ ಎಂದು ನನಗೆ ನಾನೇ ಹೇಳಿಕೊಂಡಿರಬೇಕು. ಇರಬೇಕು ಎನ್ನುತ್ತಿದ್ದೇನೆ, ಏಕೆಂದರೆ ಹೇಳಿಕೊಂಡದ್ದು ನೆನಪಿಲ್ಲ.

ಕೈಟೋಸಾನ್ ಬರಿ ನೀರಿಗೆ ಕರಗುವುದಿಲ್ಲ. ನೀರಿನಲ್ಲಿ ತೇಲಿಸಿ, ಲ್ಯಾಕ್ಟಿಕ್ ಆಮ್ಲವನ್ನು ಹನಿಹನಿಯಾಗಿ ಬಿಡುತ್ತಾ ನಾಲ್ಕು ತಾಸು ಕಲಕಬೇಕು. ಕದಡಿದ ನೀರು ನಿಧಾನವಾಗಿ ತಿಳಿಯಾಗುತ್ತದೆ, ಆಮೇಲೆ ದಪ್ಪವಾಗುತ್ತದೆ. ತೆಳುವಾದ ಮಲ್ ಬಟ್ಟೆಯಲ್ಲಿ ಸೋಸಿ, ಚರ್ಮಕ್ಕೆ ಹೊಂದುವಷ್ಟಕ್ಕೆ ಹುಳಿ ಇಳಿಸಿದೆ. ಮೂರು ಬ್ಯಾಚು ತಿದ್ದಿದ ಮೇಲೆ ಹದಿನೇಳನೆಯದು. ಬೋರಿನ ನೀರು ತುಂಬಿದ ಬಕೆಟ್ಟಿನಲ್ಲಿ ನನ್ನ ಬೆರಳನ್ನು ಅದ್ದಿ ನೋಡಿದೆ. ಪೊರೆ ಅಲುಗಲಿಲ್ಲ.

ಡಬ್ಬಿ ಕೊಟ್ಟ ಹನ್ನೆರಡನೆಯ ದಿನ ಅಕ್ಕನ ಬೆರಳಿನ ಬಿರುಕುಗಳು ಕೂಡಿಕೊಂಡಿದ್ದವು. ನಾನು ನೋಡಲೆಂದು ಅವಳು ಕಣ್ಣು ಮುಚ್ಚಿ, ಒಂದೇ ಎಳೆ ರೇಷ್ಮೆಯನ್ನು ತೋರುಬೆರಳಿನ ತುದಿಯ ಮೇಲೆ ಈ ಕಡೆಯಿಂದ ಆ ಕಡೆಗೆ ಎಳೆದಳು. ಎಲ್ಲಿಯೂ ತಡೆಯಲಿಲ್ಲ.

"ನೋಡ್ರಿ. ಕನ್ನಡಿ ಮ್ಯಾಲ ಜಾರಿದಂಗ."

ಅತ್ತೆಯೂ ಬಂದು ಬೆರಳು ಮುಟ್ಟಿ ನೋಡಿದಳು. "ಲಗ್ನಾ ಮಾಡಿಕೊಟ್ಟಾಗೂ ಇಷ್ಟು ನುಣ್ಣಗಿರಲಿಲ್ಲ ಬಿಡು."

ಅಕ್ಕ ಕೊಂಡಿಗೆ ಕೂತಳು. ಓಣಿಯ ಇನ್ನೂ ನಾಲ್ಕು ಮನೆಗೆ ತನ್ನ ಡಬ್ಬಿಯಿಂದಲೇ ಹಂಚಿದಳು. ನಾನು ಮತ್ತೆ ತುಂಬಿಕೊಟ್ಟೆ. ಡಬ್ಬಿಗಳ ಮೇಲೆ ಹೆಸರಿರಲಿಲ್ಲ, ಟೇಪಿನ ತುಂಡಿನಲ್ಲಿ ೧೭ ಎಂದು ಬರೆದಿತ್ತು ಅಷ್ಟೆ.

ಇನ್ನು ನೋಟ್‌ಬುಕ್ಕು ಸುಮ್ಮನಿರುವ ಜಾಗ. ಮೊದಲ ಡಬ್ಬಿ ೧೭ನ್ನು ಕೊಟ್ಟ ದಿನ ಅಕ್ಕ, "ಅದ ಏನ್ರಿ ಇದು? ಸೊಪ್ಪಿಂದು?" ಎಂದು ಕೇಳಿದಳು. ಒಂದು ನೆನಪಿನಲ್ಲಿ ನಾನು, "ಅದಕ್ಕಿಂತ ಚಲೋದು," ಎಂದು ನಕ್ಕಿದ್ದೇನೆ. ಇನ್ನೊಂದರಲ್ಲಿ, "ಹೂಂ, ಸಮುದ್ರದ್ದ," ಎಂದಿದ್ದೇನೆ. ಮೂರನೆಯದೊಂದಿದೆ. ಅದರಲ್ಲಿ ಅವಳು ಕೇಳುವುದೇ ಇಲ್ಲ. ಅದನ್ನು ನಾನು ಇತ್ತೀಚೆಗೆ ತಯಾರಿಸಿಕೊಂಡಿರುವ ಗುಮಾನಿ ಇದೆ.

ಮೂರು ತಿಂಗಳು ಹೀಗೆ ನಡೆಯಿತು. ಬಿಸಿಲು ಬಂತು. ಒಂದು ಮುಂಜಾನೆ ಅತ್ತೆಯ ಫೋನು.

"ತಂಗಿ, ಲಗೂನ ಬಾ. ಈಕಿ ತುಟಿ ಹ್ಯಾಂಗ ಬಾತಾವ ನೋಡು. ನನ್ನ ಮಗ ಬಾಗಲಕೋಟಿಗೆ ಹೋಗ್ಯಾನ."

ಸ್ಕೂಟಿಯಲ್ಲಿ ಹೋದೆ. ಅಕ್ಕನ ತುಟಿಗಳು ಬೇರೆ ಯಾರದೋ ಎನ್ನುವಷ್ಟು ಊದಿದ್ದವು. ಒಂದು ಕಣ್ಣು ಅರ್ಧ ಮುಚ್ಚಿತ್ತು. ಗಂಟಲು ಕೆರೆಯುತ್ತದೆ ಎಂದು ಸನ್ನೆ ಮಾಡಿದಳು. ಇಬ್ಬರನ್ನೂ ಹೇಗೋ ಹಿಂದೆ ಕೂರಿಸಿಕೊಂಡು ಹತ್ತಿರದ ದವಾಖಾನೆಗೆ ಹೊಡೆದೆ. ಡಾಕ್ಟರಮ್ಮ ನೋಡಿದ ಕೂಡಲೇ ಇಂಜೆಕ್ಷನ್ ಕೊಟ್ಟರು. ಆಮೇಲೆ ಪ್ರಶ್ನೆ.

"ನಿನ್ನೆಯಿಂದ ಹೊಸಾದೇನರ ತಿಂದಾರೇನ್ರಿ? ಶೇಂಗಾ? ಸಿಗಡಿ, ಏಡಿ, ಮೀನು?"

"ಡಾಕ್ಟರಬಾಯಾರ!" ಅತ್ತೆ ಎದ್ದೇ ನಿಂತಳು. "ಮುಂಜಾನೆ ಲಿಂಗಪೂಜಿ ಆಗೂತನಕಾ ನೀರು ಸೈತ ಮುಟ್ಟೂದಿಲ್ಲ ನನ್ನ ಸೊಸಿ. ನಮ್ಮ ಮನ್ಯಾಗ ತತ್ತಿ ಬರೂದಿಲ್ಲ. ನೀವು ಏಡಿ ಅಂತೀರಲ್ಲ!"

"ಕೇಳೂದು ನನ್ನ ಕೆಲಸ್ರಿ ಅಮ್ಮಾ, ಸಿಟ್ಟಾಗಬ್ಯಾಡ್ರಿ," ಎಂದು ಡಾಕ್ಟರಮ್ಮ ಚೀಟಿಯಲ್ಲಿ ಏನೋ ಗೀಚಿದರು. ಏಡಿ, ಮೀನು ಎಂಬಲ್ಲಿ 'ಇಲ್ಲ' ಎಂದೇ ಬರೆದಿರಬೇಕು.

ನಾನು ಬಾಗಿಲಲ್ಲಿ ನಿಂತಿದ್ದೆ. ಏಡಿ ಎಂಬ ಮಾತು ಕೇಳಿ ಪುಡಿ-೨ರ ಪ್ರಮಾಣಪತ್ರ ನೆನಪಾಯಿತು, ಆದರೆ ಕೂಡಲೇ ಉತ್ತರವೂ ಸಿಕ್ಕಿತು. ಅವಳು ಅದನ್ನು ಕೈಗೆ ಹಚ್ಚುತ್ತಾಳೆ. ಬಾತಿರುವುದು ತುಟಿ. ಸಂಬಂಧವಿಲ್ಲ. ಆ ನಿರಾಳ ಒಂದು ಕಾಲು ಗಂಟೆ ಇದ್ದಿರಬಹುದು.

ಅಕ್ಕನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಬಾವು ಇಳಿಯತೊಡಗಿತ್ತು. ಸುಮ್ಮನೆ ಕೂತು ಗೊತ್ತಿಲ್ಲದ ಅವಳು ತನ್ನ ಸೀರೆಯ ಅಂಚಿನಲ್ಲಿ ಬಿಚ್ಚಿಕೊಂಡ ಎಳೆಯೊಂದನ್ನು ಹುಡುಕಿದಳು. ತೋರುಬೆರಳು, ಹೆಬ್ಬೆರಳು ಎರಡನ್ನೂ ಆ ಊದಿದ ತುಟಿಗೆ ಒಯ್ದು, ನಾಲಗೆಯಿಂದ ತೇವ ಮಾಡಿ, ಎಳೆಯನ್ನು ಹೊಸೆದು, ಕಚಕ್ಕನೆ ಕೂಡಿಸಿದಳು.

ಇದನ್ನು ನಾನು ಎಷ್ಟು ಸಲ ನೋಡಿಲ್ಲ! ಪ್ರತಿ ಕೊಂಡಿಗೂ ಬೆರಳು ಬಾಯಿಗೆ ಹೋಗುತ್ತದೆ. ಬೆರಳು ತೇವವಾಗದೆ ಎಳೆ ಹೊಸೆಯದು. ಅವಳ ಅತ್ತೆ, ಅವಳ ಅಜ್ಜಿ, ಎಲ್ಲರೂ ಹಾಗೆಯೇ ಮಾಡಿದ್ದು. ಚಹದ ಲೋಟ ಕೈಯಲ್ಲಿ ಹಿಡಿದು ಅವಳೆದುರು ಕೂತು, ದಿನಗಟ್ಟಲೆ, ಪೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಂಡಿದ್ದೇನೆ. ಬೆರಳು ಎಲ್ಲಿಗೆ ಹೋಗಿಬರುತ್ತದೆ ಎಂದು ಒಂದು ಸಾಲೂ ಬರೆದಿಲ್ಲ.

ಒಳಗೆ ಹೋಗಿ ಡಾಕ್ಟರಮ್ಮನಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅದರಿಂದನ ಆತು ಅಂತ ಹೇಳಾಕ ಬರೂದಿಲ್ರಿ. ಹೊಸ ಬಣ್ಣ ಇರಬಹುದು. ಏನರೆ ಕಡದಿರಬಹುದು. ಅದರಿಂದ ಇಲ್ಲ ಅಂತನೂ ಹೇಳಾಕ ಬರೂದಿಲ್ಲ. ಒಡದ ಚರ್ಮದ ಮ್ಯಾಲ ದಿನಾ ಹಚ್ಚಿದ್ದು, ಬಾಯಾಗ ಹೋದದ್ದು... ಮುಲಾಮು ನಿಲ್ಲಸ್ರಿ ಅಂತ ನಾ ಹೇಳ್ತೇನಿ. ಯಾಕ ಅನ್ನೂದು ನಿಮಗ ಬಿಟ್ಟಿದ್ದು," ಎಂದರು.

ಹೊರಗೆ ಬಂದು ಅಕ್ಕನಿಗೆ ಅಷ್ಟನ್ನೇ ಹೇಳಿದರು. ಅಕ್ಕ ತಲೆಯಾಡಿಸಿದಳು. ಅಷ್ಟಕ್ಕೆ ಮುಗಿಸಬಹುದಿತ್ತು. ಚರ್ಮಕ್ಕೆ ಒಗ್ಗಲಿಲ್ಲ ಎಂಬುದು ಸುಳ್ಳೂ ಅಲ್ಲ.

ಮಾಲೀಕರಿಗೆ ತಿಳಿಸಿದೆ. ಅವರು ಕೆಟ್ಟವರಲ್ಲ, ಮೊದಲು ಕೇಳಿದ್ದು ಅಕ್ಕ ಹೇಗಿದ್ದಾಳೆ ಎಂದೇ. ಆಮೇಲೆ ಅಂದರು, "ಹೊರಗ ಹಚ್ಚಾಕ ಅಂತ ಮಾಡೀವಿ. ನೆಕ್ಕ ಅಂತ ಹೇಳಿದ್ವೇನು?"

"ಇಲ್ರಿ."

"ಮತ್ತ? ಹೇಳಿ ಏನು ಮಾಡಾಕಿ? ತಿಂದದ್ದು ಹೊರಗ ಬರತೈತೇನು? ಅವರ ಮನಸು ಕೆಡಸೂದು ಅಷ್ಟ."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಆದರೂ ಎರಡು ವಿಷಯ ಬಿಡಲಿಲ್ಲ. ಮುಲಾಮು ನಿಲ್ಲಿಸಿದ ಕಾರಣ ಗೊತ್ತಿಲ್ಲದಿದ್ದರೆ, ಬೆರಳು ಮತ್ತೆ ಒಡೆದಾಗ ಪಕ್ಕದ ಮನೆಯ ಡಬ್ಬಿಯಿಂದ ಅವಳೇ ಒಂದಿಷ್ಟು ಹಚ್ಚಿಕೊಳ್ಳುತ್ತಾಳೆ. ಮುಂದಿನ ಸಲ ಗಂಟಲು ಬಾತರೆ? ಎರಡನೆಯದು, ಆ ಚೀಟಿಯಲ್ಲಿ ನನ್ನೆದುರೇ ಗೀಚಿದ 'ಇಲ್ಲ'. ಹಾಗೆಂದು ಹೇಳಿಬಿಡುವ ನಿರ್ಧಾರವನ್ನೂ ಮಾಡಿರಲಿಲ್ಲ. ಮರುದಿನ ಮಧ್ಯಾಹ್ನ ಅವರ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗಲೂ, ಹೇಳಲು ಬಂದಿದ್ದೇನೋ ಡಬ್ಬಿ ವಾಪಸು ಒಯ್ಯಲು ಬಂದಿದ್ದೇನೋ ನನಗೆ ಖಚಿತವಿರಲಿಲ್ಲ.

ಹೇಳಿದೆ. ಪಾಚಿ ಏಕೆ ಬಿಟ್ಟೆ, ಪುಡಿ-೨ ಏನು, ಎಲ್ಲಿಂದ ಬರುತ್ತದೆ. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯ ಅಂಚಿನಲ್ಲಿ ಕೂತಿದ್ದ ಅಕ್ಕ ತನ್ನ ಎರಡೂ ಕೈಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದಳು, ಒದ್ದೆ ಕೈಗಳನ್ನು ಹಿಡಿಯುವಂತೆ.

"ಏಡಿ ಅಂದ್ರ... ಖರೆ ಏಡಿ?"

"ಅದರ ಚಿಪ್ಪು, ಅಕ್ಕ."

ಅತ್ತೆ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಲೆಕ್ಕ ಹಾಕುವವಳಂತೆ ಒಂದೊಂದೇ ಮಾತು ಬಿಟ್ಟಳು.

"ದಿನಾ ಮುಂಜಾನೆ ಆ ಕೈಯಾಗ ಲಿಂಗಾ ಹಿಡದಾಳ."

ಒಲೆಯ ಕಡೆ ತಿರುಗಿದಳು.

"ಆ ಕೈಲೇನ ರೊಟ್ಟಿ ಬಡದಾಳ. ನಾವೆಲ್ಲಾರೂ ತಿಂದೀವಿ."

ರೊಟ್ಟಿಯ ವಿಷಯ ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಆ ಮನೆಯಲ್ಲಿ ನಾನೂ ಎಷ್ಟೋ ಸಲ ಉಂಡಿದ್ದೆ.

"ನಾಲ್ಕು ಮನಿಗೆ ಕೊಟ್ಟೇನಿ," ಎಂದಳು ಅಕ್ಕ, ಯಾರಿಗೋ ಎಂಬಂತೆ.

"ನಾನ ಹೋಗಿ ಹೇಳ್ತೇನಿ ಅಕ್ಕ."

"ಬ್ಯಾಡ್ರಿ. ಕೊಟ್ಟಾಕಿ ನಾನು. ನಾನ ಹೇಳ್ತೇನಿ. ನೀವು ಬರಬ್ಯಾಡ್ರಿ."

ನಾನು ಬಹಳ ಹೊತ್ತು ಕೂತೆ. ಚಹ ಬರಲಿಲ್ಲ.

ಆಮೇಲಿನ ಎರಡು ತಿಂಗಳು ನೋಟ್‌ಬುಕ್ಕಿನಲ್ಲಿ ದಟ್ಟವಾಗಿವೆ. ಹದಿನೆಂಟರಿಂದ ಇಪ್ಪತ್ತಾರು. ಅಗಸೆ ಬೀಜದ ಲೋಳೆ ಇಲ್ಲಿನ ಸೆಕೆಗೆ ನಾಲ್ಕನೆಯ ದಿನ ಹುಳಿ ವಾಸನೆ ಹೊಡೆಯಿತು. ಹುಣಸೆ ಬೀಜದ ಅಂಟಿಗೆ ಎಳೆ ಕಚ್ಚಿಕೊಂಡಿತು. ಮತ್ತೆ ಪಾಚಿಗೆ ಹೋದೆ, ಈ ಸಲ ಕೆಂಪು ಪಾಚಿ. ಅದರ ಪೊರೆ ಬೆವರಿಗೆ ಕರಗಿತು. ಪ್ರತಿ ಪದಾರ್ಥದ ಮುಂದೆ ಈಗ ಪೂರ್ತಿ ಹೆಸರು ಬರೆಯುತ್ತೇನೆ, ಎಲ್ಲಿಂದ ಬಂತು ಎಂದೂ ಬರೆಯುತ್ತೇನೆ. ಆ ಅಚ್ಚುಕಟ್ಟಿನಿಂದ ಒಂದು ಬಿರುಕೂ ಕೂಡಲಿಲ್ಲ. ಹದಿನೇಳನೆಯ ಬ್ಯಾಚನ್ನು ಮಾಲೀಕರು ಬೇರೆ ಊರುಗಳಿಗೆ ಕಳಿಸುತ್ತಿದ್ದಾರೆ. ನನ್ನ ಮಾತಿಗೆ ಬೆಲೆ ಕೊಟ್ಟು ಡಬ್ಬಿಯ ಮೇಲೆ ಏಡಿಯ ಚಿಪ್ಪಿನಿಂದ ಎಂದು ಸ್ಪಷ್ಟವಾಗಿ ಮುದ್ರಿಸಿದ್ದಾರೆ. ಚೆನ್ನಾಗಿ ಹೋಗುತ್ತಿದೆಯಂತೆ.

ಇಪ್ಪತ್ತಾರನೆಯದು ಕೆಟ್ಟ ಮೇಲೆ, ಕೈಯಲ್ಲಿ ಏನೂ ಇಲ್ಲದೆ, ಅವರ ಮನೆಗೆ ಹೋದೆ.

ಅಕ್ಕ ಕೊಂಡಿಗೆ ಕೂತಿದ್ದಳು. ಬೆರಳುಗಳು ಮತ್ತೆ ಒಡೆದಿದ್ದವು. ಬಿಸಿಲುಗಾಲವಾದ್ದರಿಂದ ಚಳಿಗಾಲದಷ್ಟಲ್ಲ, ಆದರೂ ಒಡೆದಿದ್ದವು. ಪಕ್ಕದಲ್ಲಿ ಒಂದು ಬಟ್ಟಲು ನೀರು.

"ಬರ್ರಿ," ಎಂದಳು. "ಮಹಾಕೂಟಕ್ಕ ಹೋಗಿ ಬಂದ್ವಿ, ಗೊತ್ತಾತೇನ್ರಿ? ಅತ್ತಿ ಬಿಡಲಿಲ್ಲ. ಗುಡಿ ಹೊಂಡದಾಗ ಐದು ಮುಳುಗು ಹಾಕಸಿದ್ರು. ಮುಳುಗಿ ಎದ್ರ ಸಣ್ಣ ಸಣ್ಣ ಮೀನ ಬಂದು ಕಾಲು ಕಚ್ಚಾಕ ಹತ್ತಿದ್ವು. ನಾ ಅಂದೆ, ಅತ್ತಿ, ಇವಕ್ಕ ಸುದ್ದಿ ಮುಟ್ಟೇತಿ ನೋಡ್ರಿ, ಬೀಗರು ಬಂದ್ರು ಅಂತ ಮಾತಾಡಸ್ತಾವ."

ನಗಬೇಕೋ ಬೇಡವೋ ತಿಳಿಯದೆ ನಾನು ಕೂತೆ. ಒಳಗಿನಿಂದ ಅತ್ತೆ ಬಂದಳು. ಈ ಸಲ ಚಹ ತಂದಿದ್ದಳು. ಅಂಚಿನವರೆಗೆ, ಕಾಗದದ ಕಪ್ಪಿನಲ್ಲಿ. ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಅತ್ತೆ ಹೋಗುವವರೆಗೆ ತಡೆದು, ಅಕ್ಕ ಎಳೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಖರೆ ಹೇಳ್ರಿ. ನಿಮಗ ಮೊದಲಿಂದ ಗೊತ್ತಿತ್ತೇನ್ರಿ?"

ನನ್ನ ಬಳಿ ಮೂರು ನೆನಪುಗಳಿದ್ದವು, ಒಂದು ಸಹಿ ಇತ್ತು, ಒಂದು ಅಂಕಿ ಇತ್ತು.

"ಗೊತ್ತಿತ್ತು ಅಕ್ಕ."

ಅವಳು ತಲೆಯಾಡಿಸಿದಳು, ಹಾಕಿದ ಕೊಂಡಿಯನ್ನು ಎಳೆದು ನೋಡಿ ಗಟ್ಟಿಯಿದೆ ಎಂದುಕೊಳ್ಳುವಾಗ ಆಡಿಸುವಂತೆ.

"ನೀವು ಹೇಳದ ಇದ್ದಿದ್ರ," ಎಂದಳು, "ಪಾಪ ನಿಮಗಿರತಿತ್ತು, ಕೈ ನನಗಿರತಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ.

ಮುಂದಿನ ಎಳೆ ಎತ್ತಿಕೊಂಡಳು. ತೋರುಬೆರಳೂ ಹೆಬ್ಬೆರಳೂ ತಾವಾಗಿಯೇ ಬಾಯಿಯ ಕಡೆಗೆ ಎದ್ದವು, ತುಟಿಗೆ ಒಂದು ಬೆರಳಿನಷ್ಟು ದೂರದಲ್ಲಿ ನಿಂತವು, ಕೆಳಗಿಳಿದು ಬಟ್ಟಲಿಗೆ ಹೋದವು. ನೀರು ಹೆಚ್ಚಾಯಿತು. ಎಳೆ ಜಾರಿತು. ಸೀರೆಗೆ ಒರೆಸಿಕೊಂಡು ಮತ್ತೆ ಹಿಡಿದಳು. ಹೊಸೆದಳು. ಮತ್ತೊಂದು ಎಳೆ. ಬೆರಳು ಎದ್ದಿತು, ನಿಂತಿತು, ಇಳಿಯಿತು. ಚಹ ತಣ್ಣಗಾಗುವವರೆಗೆ ನಾನು ಅದನ್ನು ಒಂದು ಸಲವೂ ತಪ್ಪದೆ ನೋಡುತ್ತ ಕೂತಿದ್ದೆ.